ಇಳಿಜಾರಿನ ಪಾಠ: ಚಳಿಗಾಲದಲ್ಲಿ ಟೇಕಡಿಯ ಮೇಲೆ ಸೈಕಲ್ಲು

ಪುಣೆಯಲ್ಲಿ ನೆಲಸಿರುವ ಕನ್ನಡಿಗರಿಗೆ ಟೇಕಡಿ ಹೊಸದಲ್ಲ. ಕೋಥರೂಡಿನಿಂದಾಗಲಿ ಪಾಷಾಣ್ ಕಡೆಯಿಂದಾಗಲಿ ತಲೆಯೆತ್ತಿ ನೋಡಿದರೆ ವೇತಾಳ ಟೇಕಡಿ ಕಾಣುತ್ತದೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರವಿರುವ ಈ ಗುಡ್ಡ ಊರಿನ ನೆಲಕ್ಕಿಂತ 200 ಮೀಟರಿಗೂ ಮಿಗಿಲಾಗಿ ಮೇಲಿದೆ. ವಾರವೆಲ್ಲ ಯಂತ್ರದ ಮುಂದೆ ನಿಂತು, ಇಲ್ಲವೆ ಕಚೇರಿಯ ಮೇಜಿನ ಮುಂದೆ ಕುಳಿತು ದಣಿದವರಿಗೆ, ಭಾನುವಾರ ಬೆಳಗ್ಗೆ ಕಾಸಿನ ಖರ್ಚಿಲ್ಲದೆ ದೊರೆಯುವ ಸುಖವಿದು. ಈಚಿನ ವರ್ಷಗಳಲ್ಲಿ ನಮ್ಮ ತರುಣರು ಅಗಲ ಟೈರಿನ ಗೇರು ಸೈಕಲ್ಲುಗಳನ್ನು ತೆಗೆದುಕೊಂಡು ಅಲ್ಲಿಗೆ ಹೋಗುತ್ತಿದ್ದಾರೆ. ಅದು ಸಂತೋಷದ ವಿಷಯವೇ. ಆದರೆ ಹೋದ ಚಳಿಗಾಲದಲ್ಲಿ ನಡೆದ ಒಂದು ಸಂಗತಿಯಿಂದ ಈ ಪಾಠವನ್ನು ಬರೆಯುವುದು ಅಗತ್ಯವೆಂದು ನಮಗೆ ತೋರಿತು.

ನಮ್ಮ ಬಳಗದ ಒಬ್ಬ ತರುಣ ಲೇತಿನ ಮೇಲೆ ಕೆಲಸ ಮಾಡುವವನು. ಜನವರಿಯ ಒಂದು ಬೆಳಗ್ಗೆ ಕಡಿದಾದ ಕಾಲುದಾರಿಯಲ್ಲಿ ಇಳಿಯುತ್ತಿದ್ದಾಗ ಬಿದ್ದು ಮಣಿಕಟ್ಟಿನ ಎಲುಬು ಮುರಿದುಕೊಂಡ. ಆರು ವಾರ ಕೈಗೆ ಪ್ಲಾಸ್ಟರು, ಆರು ವಾರ ಕೂಲಿಯಿಲ್ಲ. ಊರಿನಲ್ಲಿ ತಾಯಿಗೆ ಕಳುಹಿಸುತ್ತಿದ್ದ ಹಣವೂ ನಿಂತಿತು. ನೋಡಲು ಹೋದವರಿಗೆಲ್ಲ ಅವನು ಹೇಳುತ್ತಿದ್ದುದು ಒಂದೇ ಮಾತು: “ಬ್ರೇಕು ಕೈಕೊಟ್ಟಿತು.” ನಾವು ಸೈಕಲ್ಲನ್ನು ತರಿಸಿ ಪರೀಕ್ಷಿಸಿದೆವು. ಎರಡು ಬ್ರೇಕುಗಳೂ ಸರಿಯಾಗಿದ್ದವು. ತಂತಿ ಬಿಗಿಯಾಗಿತ್ತು, ರಬ್ಬರು ಸವೆದಿರಲಿಲ್ಲ. ಹಾಗಾದರೆ ಕೈಕೊಟ್ಟದ್ದು ಯಾವುದು? ಇದೇ ಇಂದಿನ ಪ್ರಶ್ನೆ.

ಬ್ರೇಕು ನಿಜವಾಗಿಯೇ ಕೈಕೊಡುವುದುಂಟು. ಅದನ್ನು ಮೊದಲು ತಿಳಿಯೋಣ. ಗುಡ್ಡದ ಸೈಕಲ್ ಸವಾರಿಯ ಚರಿತ್ರೆಯೇ ಅಲ್ಲಿಂದ ಆರಂಭವಾಗುತ್ತದೆ. ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕಿರುವ ಮರಿನ್ ಪ್ರಾಂತದಲ್ಲಿ ಕೆಲವು ತರುಣರು 1930 ಮತ್ತು 1940ರ ದಶಕಗಳ ಭಾರವಾದ ಹಳೆಯ ಸೈಕಲ್ಲುಗಳನ್ನು ಕೊಂಡು, ಅವನ್ನು ಗುಡ್ಡದ ಮೇಲಿಂದ ಇಳಿಸುವ ಆಟಕ್ಕೆ ತೊಡಗಿದರು. ಆ ಸೈಕಲ್ಲುಗಳಿಗೆ ದಪ್ಪ ಟೈರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರದ ಗುಂಬದೊಳಗೆ ಹಿಡಿಯುವ ಬ್ರೇಕು. 1976ರ ಅಕ್ಟೋಬರ್ 21ರಂದು ಅಲ್ಲಿಯ ಒಂದು ಮಣ್ಣುದಾರಿಯಲ್ಲಿ ಅವರು ಮೊದಲ ಪಂದ್ಯ ನಡೆಸಿದರು. ಸುಮಾರು ಮೂರೂವರೆ ಕಿಲೋಮೀಟರಿನಲ್ಲಿ ದಾರಿ ಸುಮಾರು 400 ಮೀಟರ್ ಕೆಳಗಿಳಿಯುತ್ತದೆ. ಕೆಳಗೆ ತಲುಪುವಷ್ಟರಲ್ಲಿ ಬ್ರೇಕು ಕಾದು, ಗುಂಬದೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಆದಕಾರಣ ಆ ದಾರಿಗೆ ‘ರೀಪ್ಯಾಕ್’, ಎಂದರೆ ಮತ್ತೆ ತುಂಬು, ಎಂಬ ಹೆಸರೇ ನಿಂತಿತು. ಆ ಗುಂಪಿನ ಜೋ ಬ್ರೀಜ್ ಎಂಬಾತ 1977ರಲ್ಲಿ ಗುಡ್ಡಕ್ಕೆಂದೇ ಹೊಸ ಸೈಕಲ್ಲನ್ನು ಕಟ್ಟಿದ. 1981ರಲ್ಲಿ ಕಾರ್ಖಾನೆಗಳಲ್ಲಿ ತಯಾರಾದ ಇಂಥ ಸೈಕಲ್ಲುಗಳು ಅಂಗಡಿಗೆ ಬಂದವು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಸ್ಥಾನ ದೊರೆಯಿತು.

ಆ ಗ್ರೀಸು ಏಕೆ ಹೊಗೆಯಾಯಿತು? ಲೆಕ್ಕ ಸುಲಭವಾಗಿದೆ. ಸವಾರನೂ ಸೈಕಲ್ಲೂ ಸೇರಿ 80 ಕಿಲೋ ಇರಲಿ. ಅಷ್ಟು ಭಾರ 400 ಮೀಟರ್ ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿಯನ್ನೆಲ್ಲ ಶಾಖವಾಗಿ ಹಿಡಿದಿಟ್ಟರೆ, 25 ಡಿಗ್ರಿಯಲ್ಲಿರುವ ಒಂದು ಲೀಟರ್ ನೀರು 100 ಡಿಗ್ರಿಗೆ ಏರುತ್ತದೆ. ನಮ್ಮ ಟೇಕಡಿಯಲ್ಲಿ 100 ಮೀಟರ್ ಇಳಿದರೂ ಕಾಲು ಲೀಟರ್, ಎಂದರೆ ಒಂದು ದೊಡ್ಡ ಲೋಟ ನೀರು ಮರಳುವ ಮಟ್ಟಕ್ಕೆ ಬರುತ್ತದೆ. ಗಾಳಿಯೂ ನೆಲವೂ ಇದರಲ್ಲಿ ಒಂದು ಪಾಲನ್ನು ತೆಗೆದುಕೊಳ್ಳುತ್ತವೆ. ನಿಧಾನವಾಗಿ ಇಳಿಯುವವನಲ್ಲಿ ಹೆಚ್ಚಿನ ಪಾಲು ಬ್ರೇಕಿಗೇ ಬರುತ್ತದೆ. ಆದುದರಿಂದ ಉದ್ದವಾದ ಇಳಿಜಾರಿನಲ್ಲಿ ನಡುವೆ ಒಂದೆರಡು ಕಡೆ ಪೂರ್ತಿ ನಿಂತು ಬ್ರೇಕಿಗೆ ಆರುವ ಅವಕಾಶ ಕೊಡಬೇಕು. ನಿಂತಾಗ ರಿಮ್ಮನ್ನಾಗಲಿ ಬ್ರೇಕಿನ ತಟ್ಟೆಯನ್ನಾಗಲಿ ಬರಿಗೈಯಲ್ಲಿ ಮುಟ್ಟಬಾರದು.

ಆದರೆ ನಮ್ಮ ತರುಣನ ಬ್ರೇಕು ಕಾದಿರಲಿಲ್ಲ. ಅವನು ಇಳಿಯಲು ಆರಂಭಿಸಿ ಇಪ್ಪತ್ತು ಮೀಟರೂ ಆಗಿರಲಿಲ್ಲ. ಆದ್ದರಿಂದ ಉತ್ತರವನ್ನು ಬ್ರೇಕಿನಲ್ಲಿ ಹುಡುಕದೆ ನೆಲದಲ್ಲಿ ಹುಡುಕಬೇಕು. ಬ್ರೇಕು ನಿಲ್ಲಿಸುವುದು ಚಕ್ರವನ್ನು ಮಾತ್ರ. ಸೈಕಲ್ಲನ್ನು ನಿಲ್ಲಿಸುವುದು ನೆಲ. ನೆಲ ಹಿಡಿಯದಿದ್ದರೆ ನಿಂತ ಚಕ್ರವೂ ಜಾರುತ್ತದೆ.

ಈ ಪ್ರಾಂತದ ಗುಡ್ಡಗಳೆಲ್ಲ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಜ್ವಾಲಾಮುಖಿಯ ರಸ ಗಟ್ಟಿಯಾಗಿ ಆದ ಕಪ್ಪು ಕಲ್ಲಿನವು. ಆ ಕಲ್ಲು ಬಿಸಿಲು ಮಳೆಗಳಿಗೆ ಸಿಕ್ಕಿ ಪುಡಿಯಾದಾಗ ಆಗುವುದನ್ನು ಇಲ್ಲಿಯವರು ಮುರುಮ್ ಎನ್ನುತ್ತಾರೆ, ನಮ್ಮ ಕಡೆ ಗರಸು ಎನ್ನುತ್ತೇವೆ. ಮಳೆಗಾಲದಲ್ಲಿ ಅದು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಅಕ್ಟೋಬರ್ ಕಳೆದು ತೇವ ಆರಿದ ಮೇಲೆ, ಜನರ ಕಾಲ್ತುಳಿತಕ್ಕೆ ಬಿಡಿಬಿಡಿಯಾಗಿ ಗಟ್ಟಿ ಬಂಡೆಯ ಮೇಲೆ ಹರಡಿಕೊಳ್ಳುತ್ತದೆ. ಅಂಗಳದ ಹಾಸುಗಲ್ಲಿನ ಮೇಲೆ ಜೋಳ ಚೆಲ್ಲಿ ಅದರ ಮೇಲೆ ಓಡಿದರೆ ಏನಾಗುವುದೋ ಅದೇ ಇಲ್ಲಿಯೂ ಆಗುತ್ತದೆ. ಮಳೆ ನಿಂತಿದೆ, ದಾರಿ ಒಣಗಿದೆ, ಇನ್ನು ಭಯವಿಲ್ಲ ಎಂದುಕೊಳ್ಳುವುದೇ ಚಳಿಗಾಲದ ಮೊದಲ ತಪ್ಪು.

ಈಗ ಲೆಕ್ಕಕ್ಕೆ ಬರೋಣ. ನೆಲದ ಹಿಡಿತ ಚಕ್ರದ ಮೇಲಿನ ಭಾರದ ಹತ್ತರಲ್ಲಿ ಮೂರು ಪಾಲಿನಷ್ಟು ಎಂದು ಇಟ್ಟುಕೊಳ್ಳೋಣ. ಬಿಡಿ ಗರಸಿಗೆ ಇಷ್ಟು ಎಂದು ಎಣಿಸುವುದು ಕ್ಷೇಮ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವ ಸೈಕಲ್ಲು, ಬ್ರೇಕು ಹಿಡಿದ ಮೇಲೆ, ಸಮನೆಲದಲ್ಲಿ ಸುಮಾರು 5 ಮೀಟರಿನಲ್ಲಿ ನಿಲ್ಲುತ್ತದೆ. ಏಳು ಮೀಟರಿಗೆ ಒಂದು ಮೀಟರ್ ಇಳಿಯುವ ದಾರಿಯಲ್ಲಿ ಅದೇ ಸೈಕಲ್ಲಿಗೆ 10 ಮೀಟರ್ ಬೇಕು. ಐದಕ್ಕೆ ಒಂದರಂತೆ ಇಳಿಯುವಲ್ಲಿ 16 ಮೀಟರ್ ಬೇಕು. ಹತ್ತಕ್ಕೆ ಮೂರರಂತೆ ಇಳಿಯುವಲ್ಲಿ? ಅಲ್ಲಿ ಅದು ನಿಲ್ಲುವುದೇ ಇಲ್ಲ. ನೆಲ ಹಿಂದಕ್ಕೆ ಎಳೆಯುವಷ್ಟೇ ಬಲದಿಂದ ಭಾರ ಕೆಳಕ್ಕೆ ಎಳೆಯುತ್ತಿರುತ್ತದೆ. ಎರಡು ಬ್ರೇಕುಗಳನ್ನೂ ಮುಷ್ಟಿ ಬಿಗಿದು ಹಿಡಿದರೂ ಸೈಕಲ್ಲು ಅದೇ ವೇಗದಲ್ಲಿ ಜಾರುತ್ತ ಹೋಗುತ್ತದೆ. ನಮ್ಮ ತರುಣನಿಗೆ ಆದುದು ಇದೇ. ಇನ್ನೊಂದು ಮಾತನ್ನೂ ನೆನಪಿಡಬೇಕು. ವೇಗ ಎರಡರಷ್ಟಾದರೆ ನಿಲ್ಲುವ ದೂರ ನಾಲ್ಕರಷ್ಟಾಗುತ್ತದೆ. ಕಣ್ಣು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆದರೆ, ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಐದೂವರೆ ಮೀಟರ್ ದಾರಿ ಅದಕ್ಕೇ ಹೋಗಿರುತ್ತದೆ.

ಹತ್ತಕ್ಕೆ ಮೂರು ಎಂಬುದನ್ನು ಕಣ್ಣಳತೆಯಲ್ಲಿ ತಿಳಿಯುವುದು ಕಷ್ಟ. ಮೇಲೆ ನಿಂತು ನೋಡಿದಾಗ ಒಂದು ಬಗೆ ಕಾಣುತ್ತದೆ, ಕೆಳಗಿನಿಂದ ಮತ್ತೊಂದು ಬಗೆ. ಅದಕ್ಕೆ ಒಂದು ಮೀಟರಿನ ಕೋಲು, ಒಂದು ಅಳತೆಪಟ್ಟಿ ಮತ್ತು ಅರ್ಧ ನೀರು ತುಂಬಿದ ಸೀಸೆ ಇದ್ದರೆ ಸಾಕು. ಕೋಲಿನ ಒಂದು ತುದಿಯನ್ನು ಇಳಿಜಾರಿನ ಮೇಲುಭಾಗದಲ್ಲಿ ನೆಲಕ್ಕೆ ಊರಿ, ಇನ್ನೊಂದು ತುದಿಯನ್ನು ಇಳಿಜಾರಿನ ಕಡೆಗೆ ಚಾಚಿ ಹಿಡಿಯಿರಿ. ಸೀಸೆಯನ್ನು ಕೋಲಿನ ಮೇಲೆ ಮಲಗಿಸಿ, ನೀರು ಸಮವಾಗಿ ನಿಲ್ಲುವಂತೆ ಕೋಲನ್ನು ಮಟ್ಟಮಾಡಿ. ಆ ಚಾಚಿದ ತುದಿಯಿಂದ ನೆಲಕ್ಕೆ ನೇರವಾಗಿ ಎಷ್ಟು ಎತ್ತರವಿದೆ ಎಂಬುದನ್ನು ಅಳೆಯಿರಿ. 14 ಸೆಂಟಿಮೀಟರ್ ಬಂದರೆ ಏಳಕ್ಕೆ ಒಂದು, 20 ಬಂದರೆ ಐದಕ್ಕೆ ಒಂದು. 20ರ ಮೇಲೆ ಹೋಯಿತೆಂದರೆ ಹೊಸಬರು ಇಳಿದು ಸೈಕಲ್ಲನ್ನು ನಡೆಸಿಕೊಂಡು ಹೋಗಬೇಕು. 30 ಬಂದಲ್ಲಿ, ಗರಸು ಬಿಡಿಯಾಗಿದ್ದರೆ, ಪಳಗಿದವರೂ ಹಾಗೆಯೇ ಮಾಡುವುದು ವಿಹಿತ. ಒಂದು ಭಾನುವಾರವನ್ನು ಈ ಅಳತೆಗೇ ಮೀಸಲಿಟ್ಟರೆ, ಮುಂದಿನ ಭಾನುವಾರಗಳಿಗೆಲ್ಲ ದಾರಿಯ ಗುಣ ಮನಸ್ಸಿನಲ್ಲಿ ನಿಲ್ಲುತ್ತದೆ.

ಇನ್ನು ಇಳಿಯುವ ಕ್ರಮ. ಮೇಲಿನಿಂದ ಹೊರಡುವ ಮೊದಲು ಸೀಟನ್ನು ತಗ್ಗಿಸಬೇಕು. ಇಳಿಯುವಾಗ ಸೀಟಿನ ಮೇಲೆ ಕೂಡಬಾರದು. ಎರಡು ಪೆಡಲುಗಳನ್ನೂ ಒಂದೇ ಮಟ್ಟದಲ್ಲಿಟ್ಟು ಅವುಗಳ ಮೇಲೆ ನಿಂತು, ಮೊಣಕಾಲು ಮೊಣಕೈಗಳನ್ನು ಸಡಿಲವಾಗಿ ಮಡಚಿ, ಮೈಯನ್ನು ಹಿಂದಕ್ಕೆ ಸರಿಸಬೇಕು. ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಇಳಿಜಾರಿನಲ್ಲಿ ಇದು ಇನ್ನೂ ಹೆಚ್ಚು. ಮೈ ಹಿಂದಿಲ್ಲದಿದ್ದರೆ ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಬೀಳುವ ಸಂಭವವುಂಟು. ಹಾಗೆಂದು ಮುಂದಿನ ಬ್ರೇಕನ್ನು ಮುಟ್ಟದೆ ಇರುವುದೂ ಸರಿಯಲ್ಲ. ವೇಗ ತಗ್ಗಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಅದರದೇ. ಎರಡನ್ನೂ ಮೆಲ್ಲನೆ ಹಿಡಿದು ಬಿಗಿಸುತ್ತ ಬರಬೇಕು. ಚಕ್ರ ಪೂರ್ತಿ ಕಚ್ಚಿ ನಿಂತಿತೆಂದು ತಿಳಿದ ಕೂಡಲೆ ತುಸು ಸಡಿಲಿಸಬೇಕು. ಉರುಳುವ ಚಕ್ರವನ್ನು ತಿರುಗಿಸಬಹುದು, ಜಾರುವ ಚಕ್ರ ನಮ್ಮ ಮಾತು ಕೇಳುವುದಿಲ್ಲ. ತಿರುವಿಗೆ ಮುಂಚೆಯೇ ವೇಗ ತಗ್ಗಿಸಬೇಕು, ತಿರುವಿನ ನಡುವೆ ಬ್ರೇಕು ಹಿಡಿಯಬಾರದು. ದೃಷ್ಟಿ ಮುಂಚಕ್ರದ ಮೇಲಲ್ಲ, ಹೋಗಬೇಕಾದ ದಾರಿಯ ಮೇಲಿರಲಿ.

ಚಳಿಗಾಲಕ್ಕೆಂದೇ ಹೇಳಬೇಕಾದ ಮಾತುಗಳು ಇನ್ನೂ ಮೂರು. ಮೊದಲನೆಯದು ಬೆಳಕು. ಜನವರಿಯಲ್ಲಿ ಪುಣೆಯ ಸೂರ್ಯೋದಯ ಏಳು ಗಂಟೆಯ ನಂತರ. ಅದಕ್ಕಿಂತ ಮುಂಚೆ ಏರಬಹುದು, ಇಳಿಯಬಾರದು. ಬಿಸಿಲು ಬಂದ ಹೊಸತರಲ್ಲಿ ಪೂರ್ವಕ್ಕೆ ಇಳಿಯುವವನ ಕಣ್ಣು ಕುಕ್ಕುತ್ತದೆ. ಎರಡನೆಯದು ಕೈ. ಕೆಲವು ದಿನ ಶಾಖ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಮರಗಟ್ಟಿದ ಬೆರಳು ಬ್ರೇಕನ್ನು ಹದವಾಗಿ ಹಿಡಿಯಲಾರದು. ಕೈಗವಸು ಧರಿಸಿ, ಹೊರಡುವ ಮುಂಚೆ ಬೆರಳುಗಳನ್ನು ಆಡಿಸಿ ಬಿಸಿಮಾಡಿಕೊಳ್ಳಬೇಕು. ಮೂರನೆಯದು ಗಾಳಿ. ಮಧ್ಯಾಹ್ನದ 30 ಡಿಗ್ರಿಯಲ್ಲಿ 35 ಪೌಂಡು ತುಂಬಿದ ಟೈರು ಮರುದಿನ ಬೆಳಗಿನ 10 ಡಿಗ್ರಿಯಲ್ಲಿ ಸುಮಾರು 32 ಪೌಂಡಿಗೆ ಇಳಿದಿರುತ್ತದೆ. ಮೊದಲೇ ಕಡಿಮೆ ಇದ್ದ ಟೈರಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಒಡೆಯುತ್ತದೆ. ಬೆಳಗ್ಗೆಯೇ ನೋಡಿಕೊಳ್ಳುವುದು ಲೇಸು. ಹೆಲ್ಮೆಟ್ಟಿಲ್ಲದೆ ಹೋಗಬಾರದು, ಒಬ್ಬರೇ ಹೋಗಬಾರದು. ಅಪಘಾತವಾದರೆ 112ಕ್ಕೆ ಫೋನು ಮಾಡಬೇಕೆಂಬುದು ಎಲ್ಲರಿಗೂ ಗೊತ್ತಿರಲಿ.

ಟೇಕಡಿ ನಮ್ಮೊಬ್ಬರದಲ್ಲ ಎಂಬುದೂ ಈ ಪಾಠದ ಒಂದು ಭಾಗ. ಬೆಳಗಿನ ಹೊತ್ತು ಅಜ್ಜ ಅಜ್ಜಿಯರು, ಮಕ್ಕಳು, ಹೆಂಗಸರು ಅದೇ ದಾರಿಯಲ್ಲಿ ನಡೆದು ಬರುತ್ತಾರೆ. ನಡೆಯುವವರಿಗೆ ದಾರಿಯ ಮೊದಲ ಹಕ್ಕು. ಹತ್ತು ಮೀಟರಿನಲ್ಲಿ ನಿಲ್ಲಲಾರದ ಸೈಕಲ್ಲನ್ನು ಐದು ಮೀಟರ್ ಕಾಣುವ ತಿರುವಿನಲ್ಲಿ ಬಿಟ್ಟರೆ, ಮುರಿಯುವುದು ನಮ್ಮ ಎಲುಬು ಮಾತ್ರವಲ್ಲ. ಸೈಕಲ್ಲಿಗೆ ಪ್ರವೇಶವಿಲ್ಲವೆಂದು ಫಲಕವಿದ್ದಲ್ಲಿ ಹೋಗಕೂಡದು. ಸಂಶಯವಿದ್ದರೆ ಕಾವಲುಗಾರರನ್ನು ಕೇಳಬೇಕು. ಕಚ್ಚಿ ನಿಂತ ಚಕ್ರ ಜಾರುತ್ತ ಹೋದಲ್ಲಿ ನೆಲದ ಮೇಲೆ ಗೀರು ಬೀಳುತ್ತದೆ. ಜೂನ್ ತಿಂಗಳ ಮಳೆ ಆ ಗೀರನ್ನೇ ಕಾಲುವೆ ಮಾಡಿಕೊಂಡು ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಹೀಗೆ, ಕೆಟ್ಟದಾಗಿ ಇಳಿಯುವವನು ತನಗೂ ಗುಡ್ಡಕ್ಕೂ ಒಟ್ಟಿಗೇ ಹಾನಿ ಮಾಡುತ್ತಾನೆ.

ಪರಊರಿನಲ್ಲಿ ದುಡಿಯುವ ನಮಗೆ ಕೈಕಾಲೇ ಆಸ್ತಿ. ಅದನ್ನು ಕಾಪಾಡಿಕೊಳ್ಳಲು ಗುಡ್ಡವನ್ನೇ ಬಿಡಬೇಕೆಂದು ನಾವು ಹೇಳುವುದಿಲ್ಲ. ಆ ತರುಣನೂ ಬಿಟ್ಟಿಲ್ಲ. ಈ ಡಿಸೆಂಬರಿನಲ್ಲಿ ಅವನೊಡನೆ ನಾವು ಅದೇ ದಾರಿಗೆ ಹೋಗಿ ಕೋಲು ಹಿಡಿದು ಅಳೆದೆವು. 31 ಸೆಂಟಿಮೀಟರ್ ಬಂದಿತು. ಅವನು ಅಳತೆಪಟ್ಟಿಯನ್ನು ಎರಡು ಸಲ ನೋಡಿ, ಏನೂ ಮಾತನಾಡದೆ ಸೈಕಲ್ಲಿನಿಂದ ಇಳಿದು, ಅದನ್ನು ಪಕ್ಕದಲ್ಲಿ ಹಿಡಿದುಕೊಂಡು ಕೆಳಗಿನ ಸಮದಾರಿಯವರೆಗೆ ನಡೆದ. ಅಲ್ಲಿ ಮತ್ತೆ ಹತ್ತಿ ಹೊರಟ.

ಅಭ್ಯಾಸಕ್ಕೆ ಪ್ರಶ್ನೆಗಳು: (1) ಬ್ರೇಕು ಸರಿಯಿದ್ದರೂ ಸೈಕಲ್ಲು ನಿಲ್ಲದಿರುವುದು ಯಾವಾಗ? (2) ಒಣಗಿದ ದಾರಿ ಒದ್ದೆ ದಾರಿಗಿಂತ ಹೇಗೆ ಅಪಾಯಕರವಾಗಬಲ್ಲದು? (3) ನೀವು ದಿನವೂ ಹೋಗಿಬರುವ ದಾರಿಯಲ್ಲಿರುವ ಒಂದು ಇಳಿಜಾರನ್ನು ಕೋಲಿನಿಂದ ಅಳೆದು, ಅದು ಎಷ್ಟಕ್ಕೆ ಒಂದು ಎಂಬುದನ್ನು ಬರೆದು ತನ್ನಿರಿ.