ದಿನದ ಚಿಂತನೆ: ಸಮಾಧಿ ಇಲ್ಲದವರ ನೆನಪು



ಮೊನ್ನೆ ಭಾನುವಾರ ಮಗಳೊಂದಿಗೆ ಬೈಲಹೊಂಗಲದ ಚನ್ನಮ್ಮನ ಸಮಾಧಿಗೆ ಹೂವಿಟ್ಟು ಕಿತ್ತೂರಿಗೆ ಹೋದೆ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಸತ್ತದ್ದು ಇಲ್ಲಿಯೇ. ಗುಂಡು ಹಾರಿಸಿದವನು ಅಮಟೂರ ಬಾಳಪ್ಪ. ಕೋಟೆ ಹಾಳಾದರೂ ಹೆಸರುಗಳು ಉಳಿದಿವೆ.

ಮಧ್ಯಾಹ್ನ ಸವದತ್ತಿಗೆ ಬಂದೆವು. ಗುಡ್ಡ ಕಂಡೊಡನೆ ನಮ್ಮ ದೊಡ್ಡವ್ವ ನೆನಪಾದಳು. ಎಳೆಯ ವಯಸ್ಸಿನಲ್ಲೇ ಮನೆಯ ಹಿರಿಯರು ಆಕೆಗೆ ಮುತ್ತು ಕಟ್ಟಿಸಿದ್ದರು. ಮಗಳಿಗೆ ಅದನ್ನು ಹೇಳಿದ್ದು ಅಂದೇ ಮೊದಲು.

“ಆ ಆಯೀದು ಸಮಾಧಿ ಎಲ್ಲೈತಿ ಅಪ್ಪಾ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ವೈಶಾಲಿಯ ಗಣಿಕೆ ಅಂಬಪಾಲಿ ಬುದ್ಧರನ್ನು ಊಟಕ್ಕೆ ಕರೆದಳು. ಆಮೇಲೆ ಲಿಚ್ಛವಿಗಳೂ ಕರೆದರು. ಬುದ್ಧರು ಅವಳಿಗೆ ಕೊಟ್ಟ ಮಾತು ಬದಲಿಸಲಿಲ್ಲ. 1936ರಲ್ಲಿ ಬಾಬಾಸಾಹೇಬರು ಮುಂಬಯಿಯಲ್ಲಿ ದೇವದಾಸಿ, ಜೋಗಿಣಿಯರ ಸಭೆಗೆ ಹೋಗಿ, ಆ ಬದುಕು ಬಿಟ್ಟು ಬನ್ನಿ ಎಂದು ಕರೆದರು. ಕರ್ನಾಟಕದಲ್ಲಿ ನಿಷೇಧದ ಕಾಯ್ದೆ ಬಂದದ್ದು 1982ರಲ್ಲಿ.

ದೀಕ್ಷೆ ಪಡೆದ ಮೇಲೂ ನಮ್ಮ ಮನೆಯಲ್ಲಿ ದೊಡ್ಡವ್ವನ ಹೆಸರು ಎತ್ತುತ್ತಿರಲಿಲ್ಲ, ನಾಚಿಕೆಯಂತೆ. ಆ ನಾಚಿಕೆ ಆಕೆಯದಲ್ಲ, ಮುತ್ತು ಕಟ್ಟಿಸಿದವರದು, ಮುಚ್ಚಿಟ್ಟ ನನ್ನದು. ಸಂಜೆ ವಂದನೆಯಲ್ಲಿ ಮಗಳು ಆಕೆಯ ಹೆಸರು ಹೇಳಿ ಮೇಣದಬತ್ತಿ ಹಚ್ಚಿದಳು.

ಇಂದಿನ ಅಭ್ಯಾಸ: ನಿಮ್ಮ ಮನೆಯಲ್ಲಿ ಯಾರೂ ಎತ್ತದ ಒಂದು ಹೆಸರನ್ನು ಇಂದು ಮಕ್ಕಳಿಗೆ ಹೇಳಿ.