ಅಳಿಯಂದಿರ ಪಟ್ಟಿ, ಮೊಮ್ಮಗಳ ಮಧ್ಯಾಹ್ನ

ಪ್ರಶ್ನೆ: ಮಗಳು, ಅಳಿಯ ನ್ಯೂಜೆರ್ಸಿಯಲ್ಲಿದ್ದಾರೆ. ಈ ಬೇಸಿಗೆಗೆ ನಾವಿಬ್ಬರೂ ಅಲ್ಲಿಗೆ ಹೊರಟಿದ್ದೇವೆ. ಜುಲೈ ಮಧ್ಯದಲ್ಲಿ ಎಲ್ಲರೂ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಹೋಗುವುದೆಂದು ಅಳಿಯ ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ ಕಳಿಸಿದ್ದಾರೆ: ನಾಲ್ಕು ದಿನ, ನಾಲ್ಕು ಪಾರ್ಕು, ಬೆಳಿಗ್ಗೆ ಏಳಕ್ಕೆ ಹೊರಟರೆ ರಾತ್ರಿ ಬಾಣಬಿರುಸು ನೋಡಿಕೊಂಡು ವಾಪಸ್. ಮೊಮ್ಮಗನಿಗೆ ಆರು ವರ್ಷ, ಎತ್ತರ 110 ಸೆಂ.ಮೀ. ಮೊಮ್ಮಗಳಿಗೆ ಜುಲೈ 10ಕ್ಕೆ ಮೂರು ತುಂಬುತ್ತದೆ. ನನಗೆ ಮಂಡಿನೋವು. ನಮ್ಮ ಮನೆಯವರಿಗೆ ಹೊತ್ತಿಗೆ ಸರಿಯಾಗಿ ಊಟವಾಗಬೇಕು, ಅದೂ ಸಸ್ಯಾಹಾರ. ಇದೆಲ್ಲ ಆಗುವ ಮಾತೇ? ನಾವಿಬ್ಬರೂ ಮನೆಯಲ್ಲೇ ಉಳಿಯುವುದು ಒಳ್ಳೆಯದೇ?
ಓದುಗರೊಬ್ಬರು, ಧಾರವಾಡ

ಉತ್ತರ: ನೀವು ಉಳಿಯಬೇಡಿ, ಹೋಗಿ. ಉಳಿಯಬೇಕಾದದ್ದು ಆ ಪಟ್ಟಿಯ ಅರ್ಧ ಭಾಗ.

ಅಳಿಯಂದಿರ ಪಟ್ಟಿಯಲ್ಲಿ ಶ್ರದ್ಧೆ ಇದೆ, ಮಕ್ಕಳ ಲೆಕ್ಕ ಮಾತ್ರ ಇಲ್ಲ. ಡಿಸ್ನಿ ವರ್ಲ್ಡ್ ಅಂದರೆ ಒಂದು ಪಾರ್ಕಲ್ಲ, ಸುಮಾರು 40 ಚದರ ಮೈಲಿ ಹರಡಿದ ಊರು. 1971ರ ಅಕ್ಟೋಬರ್ 1ರಂದು ಮ್ಯಾಜಿಕ್ ಕಿಂಗ್‌ಡಮ್ ಒಂದರಿಂದಲೇ ಶುರುವಾಯಿತು. ಆಮೇಲೆ 1982ರಲ್ಲಿ ಎಪ್ಕಾಟ್, 1989ರಲ್ಲಿ ಈಗ ಹಾಲಿವುಡ್ ಸ್ಟುಡಿಯೋಸ್ ಎನ್ನುವುದು, 1998ರಲ್ಲಿ ಅನಿಮಲ್ ಕಿಂಗ್‌ಡಮ್. ಇಷ್ಟನ್ನೂ ನಾಲ್ಕು ದಿನಕ್ಕೆ ಹಂಚಿದರೆ ದುಡ್ಡು ಕೊಟ್ಟದ್ದಕ್ಕೆ ನ್ಯಾಯ ಸಿಕ್ಕಿತು ಅನ್ನಿಸುವುದು ಸಹಜ. ಆದರೆ ಮೂರು ವರ್ಷದ ಮಗುವಿಗೆ ಪಾರ್ಕು ನಾಲ್ಕಾದರೇನು, ಒಂದಾದರೇನು? ಅದಕ್ಕೆ ಬೇಕಾದದ್ದು ಹಾರುವ ಆನೆ, ಐಸ್‌ಕ್ರೀಮ್, ಮಧ್ಯಾಹ್ನದ ನಿದ್ದೆ. ಮೂರನೆಯದನ್ನು ತಪ್ಪಿಸಿದರೆ ಮೊದಲೆರಡೂ ಕೆಡುತ್ತವೆ.

ಎಲ್ಲಕ್ಕಿಂತ ಮೊದಲು ತಾರೀಖಿನ ವಿಷಯ. ಅಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಮೂರರಿಂದ ಒಂಬತ್ತರವರೆಗೆ ಮಕ್ಕಳ ಟಿಕೆಟ್. ಹತ್ತು ತುಂಬಿತೋ, ದೊಡ್ಡವರ ಲೆಕ್ಕ. ಮಕ್ಕಳ ಟಿಕೆಟ್ ಎಂದಕೂಡಲೇ ನಮ್ಮ ಬಸ್ಸಿನ ಅರ್ಧ ಟಿಕೆಟ್ ಅಂದುಕೊಳ್ಳಬೇಡಿ, ದೊಡ್ಡವರ ದರಕ್ಕಿಂತ ನಾಲ್ಕೈದು ಡಾಲರು ಕಡಿಮೆ, ಅಷ್ಟೇ. ದರವೂ ದಿನಕ್ಕೊಂದು, ಪಾರ್ಕಿಗೊಂದು: ಒಬ್ಬರಿಗೆ ಒಂದು ದಿನಕ್ಕೆ ಸುಮಾರು 120 ಡಾಲರಿನಿಂದ ಹಿಡಿದು ಕ್ರಿಸ್‌ಮಸ್ ವಾರದಲ್ಲಿ 200ರ ಆಸುಪಾಸಿನವರೆಗೂ ಹೋಗುತ್ತದೆ. ಹಾಗಾಗಿ ಜುಲೈ ಮಧ್ಯದ ಪ್ರವಾಸವನ್ನು ಜೂನ್ ಕೊನೆಯ ವಾರಕ್ಕೆ ಎಳೆದರೆ ಮೊಮ್ಮಗಳು ಅಷ್ಟೂ ದಿನ ಪುಕ್ಕಟೆ. ನ್ಯೂಜೆರ್ಸಿಯ ಶಾಲೆಗಳಿಗೆ ಅಷ್ಟು ಹೊತ್ತಿಗೆ ರಜೆ ಬಿಟ್ಟಿರುತ್ತದೆ. ಜುಲೈ 4ರ ಸುತ್ತಲಿನ ದಿನಗಳು ಮಾತ್ರ ಬೇಡ. ಅದು ಅವರ ಸ್ವಾತಂತ್ರ್ಯ ದಿನ, ಜನಜಂಗುಳಿ. ತಾರೀಖು ಬದಲಾಗದಿದ್ದರೆ ಟಿಕೆಟ್ ಕೊಂಡುಬಿಡಿ. ಮೂರು ತುಂಬಿದ ಮಗುವನ್ನು ಗೇಟಿನಲ್ಲಿ ಎರಡೂವರೆ ಅನ್ನುವುದು ಬೇಡ, ಅಣ್ಣ ಪಕ್ಕದಲ್ಲೇ ನಿಂತು ನಿಜ ಹೇಳಿಬಿಡುತ್ತಾನೆ.

ಇನ್ನು ಮೊಮ್ಮಗನ 110 ಸೆಂ.ಮೀ. ನೀವು ಎತ್ತರ ಬರೆದದ್ದು ಬಹಳ ಒಳ್ಳೆಯದಾಯಿತು. ಅಲ್ಲಿ ವೇಗದ ಆಟಗಳಿಗೆಲ್ಲ ವಯಸ್ಸಲ್ಲ, ಎತ್ತರವೇ ಅಳತೆ. ಬಾಗಿಲಲ್ಲೇ ಕೋಲು ಹಿಡಿದು ಅಳೆಯುತ್ತಾರೆ. ಸ್ಪೇಸ್ ಮೌಂಟನ್‌ಗೆ 44 ಇಂಚು, ಅಂದರೆ 112 ಸೆಂ.ಮೀ. ಬೇಕು. ಅನಿಮಲ್ ಕಿಂಗ್‌ಡಮ್‌ನ ಎಕ್ಸ್‌ಪೆಡಿಷನ್ ಎವರೆಸ್ಟ್‌ಗೂ ಅಷ್ಟೇ, ಅವತಾರ್ ಸಿನಿಮಾದ ಹೆಸರಿನಲ್ಲಿ ಎಲ್ಲರೂ ಹಂಬಲಿಸುವ ಫ್ಲೈಟ್ ಆಫ್ ಪ್ಯಾಸೇಜ್‌ಗೂ ಅಷ್ಟೇ. ಟ್ರಾನ್‌ಗೆ 122. ಎರಡು ಸೆಂಟಿಮೀಟರಿಗೆ ಈ ಹುಡುಗ ಮೂರು ಆಟಗಳಿಂದ ಹೊರಗೆ. ಅಳಿಯಂದಿರ ಪಟ್ಟಿಯಲ್ಲಿ ಇವು ಇದ್ದರೆ ಇವತ್ತೇ ಹೊಡೆದುಹಾಕಲಿ, ಇಲ್ಲವೇ ಹುಡುಗನಿಗೆ ಮನೆಯಲ್ಲೇ ತಿಳಿಸಿ ಹೇಳಲಿ. ಮುಕ್ಕಾಲು ಗಂಟೆ ಸರದಿಯಲ್ಲಿ ನಿಂತು ಬಾಗಿಲಲ್ಲಿ ಇಲ್ಲ ಅನ್ನಿಸಿಕೊಂಡ ಆರು ವರ್ಷದವನ ಅಳುವನ್ನು ಯಾವ ಮಿಕ್ಕಿ ಮೌಸೂ ನಿಲ್ಲಿಸಲಾರ. ಅವನಿಗೆ ದಕ್ಕುವ ಆಟಗಳೂ ಸಾಕಷ್ಟಿವೆ. ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್‌ಗೆ 97 ಸೆಂ.ಮೀ. ಸಾಕು, ಪುಟ್ಟ ರೋಲರ್ ಕೋಸ್ಟರ್ ಬಾರ್ನ್‌ಸ್ಟಾರ್ಮರ್‌ಗೆ 89.

ಮಗಳು ಅಳಿಯಂದಿರಿಗೂ ಆಸೆ ಇರುತ್ತದಲ್ಲ? ಅದಕ್ಕೆ ರೈಡರ್ ಸ್ವಿಚ್ ಎಂಬ ಏರ್ಪಾಡಿದೆ, ಬೇರೆ ದುಡ್ಡಿಲ್ಲ. ಮಗುವನ್ನು ನೋಡಿಕೊಂಡು ಒಬ್ಬರು ಹೊರಗಿರುತ್ತಾರೆ, ಇನ್ನೊಬ್ಬರು ಆಟ ಮುಗಿಸಿ ಬಂದ ಮೇಲೆ ಹೊರಗಿದ್ದವರು ಮತ್ತೆ ಉದ್ದದ ಸರದಿ ನಿಲ್ಲದೆ ಒಳಹೋಗಬಹುದು. ಸರದಿಗೆ ಕಾಲಿಡುವ ಮೊದಲೇ ಬಾಗಿಲಲ್ಲಿರುವ ಸಿಬ್ಬಂದಿಗೆ ಹೇಳಬೇಕು. ಎಳೆಮಕ್ಕಳ ಎಷ್ಟೋ ಅಪ್ಪ ಅಮ್ಮಂದಿರು ಹೀಗೆ ಒಬ್ಬರಾದ ಮೇಲೆ ಒಬ್ಬರು, ಒಂಟಿಯಾಗಿ ಆಡಿ ಬರುತ್ತಾರೆ. ನೀವಿಬ್ಬರೂ ಇರುವುದರಿಂದ ನಿಮ್ಮ ಮಗಳು ಅಳಿಯ ಜೊತೆಯಾಗಿಯೇ ಹೋಗಬಹುದು. ಮನೆಯಲ್ಲಿ ಉಳಿಯಲೇ ಎಂದು ಕೇಳಿದಿರಲ್ಲ, ಅದಕ್ಕೆ ಇದೂ ಒಂದು ಉತ್ತರ.

ಸರದಿಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಮನೆಯ ಹಿರಿಯರೊಬ್ಬರು ಮುಂದೆ ನಿಂತು ಜಾಗ ಹಿಡಿದಿದ್ದು, ಉಳಿದವರು ಆಮೇಲೆ ನುಸುಳಿಕೊಳ್ಳುವುದು ರೂಢಿ. ಅಲ್ಲಿ ಜಾಗ ಹಿಡಿಯುವುದನ್ನು ಪಾರ್ಕಿನ ನಿಯಮವೇ ಬೇಡ ಅನ್ನುತ್ತದೆ, ಹಿಂದೆ ನಿಂತವರೂ ಸುಮ್ಮನಿರುವುದಿಲ್ಲ. ಮಗಳಿಗೆ ಮುಜುಗರವಾದೀತು.

ಈಗ ನಾಲ್ಕು ದಿನ ಹೇಗೆ? ನಾನಾಗಿದ್ದರೆ ಮ್ಯಾಜಿಕ್ ಕಿಂಗ್‌ಡಮ್‌ಗೆ ಎರಡು ದಿನ, ಅನಿಮಲ್ ಕಿಂಗ್‌ಡಮ್‌ಗೆ ಅರ್ಧ ದಿನ, ನಡುವೆ ಒಂದು ಇಡೀ ದಿನ ಯಾವ ಪಾರ್ಕೂ ಇಲ್ಲದೆ ಈಜುಕೊಳದಲ್ಲಿ. ಹಾಲಿವುಡ್ ಸ್ಟುಡಿಯೋಸ್‌ನ ಹೆಸರುವಾಸಿ ಆಟಗಳು ಹೆಚ್ಚಾಗಿ ದೊಡ್ಡ ಮಕ್ಕಳವು. ಎಪ್ಕಾಟ್‌ನಲ್ಲಿ ಕೊಳವೊಂದರ ಸುತ್ತ ಹನ್ನೊಂದು ದೇಶಗಳ ಮಂಟಪಗಳಿವೆ, ಸುತ್ತು ಹಾಕಿದರೆ ಹತ್ತಿರ ಹತ್ತಿರ ಎರಡು ಕಿ.ಮೀ. ನಡಿಗೆ, ನಿಮ್ಮ ಮಂಡಿ ಒಪ್ಪಲಿಕ್ಕಿಲ್ಲ. ಆ ಹನ್ನೊಂದರಲ್ಲಿ ಭಾರತವೂ ಇಲ್ಲ, ಹಾಗಾಗಿ ಬಿಟ್ಟರೆ ಬೇಸರವೂ ಬೇಡ.

ಮ್ಯಾಜಿಕ್ ಕಿಂಗ್‌ಡಮ್‌ಗೆ ಎರಡು ದಿನ ಏಕೆಂದರೆ, ಎತ್ತರದ ಕಟ್ಟಳೆ ಇಲ್ಲದೆ ಮನೆಮಂದಿಯೆಲ್ಲ ಕೂರಬಹುದಾದ ಆಟಗಳು ಅಲ್ಲಿಯಷ್ಟು ಇನ್ನೆಲ್ಲೂ ಇಲ್ಲ. ಡಂಬೋ ಆನೆ, ಪೀಟರ್ ಪ್ಯಾನ್‌ನ ಹಾರುವ ಹಡಗು, ವಿನ್ನಿ ದ ಪೂ, ಜಂಗಲ್ ಕ್ರೂಸ್ ದೋಣಿ. ಇಟ್ಸ್ ಎ ಸ್ಮಾಲ್ ವರ್ಲ್ಡ್ ಎಂಬ ಬೊಂಬೆಗಳ ದೋಣಿಯಾಟ 1964ರ ನ್ಯೂಯಾರ್ಕ್ ವಿಶ್ವಮೇಳಕ್ಕೆಂದು ಹುಟ್ಟಿದ್ದು. ಅದರ ಹಾಡು ಒಮ್ಮೆ ಕಿವಿಗೆ ಹೊಕ್ಕರೆ ಧಾರವಾಡದವರೆಗೂ ಬಿಡುವುದಿಲ್ಲ, ಎಚ್ಚರ. ಅಲ್ಲಿನ ಕೋಟೆಯ ಹಿಂದಿನ ಗಿರಗಿಟ್ಲೆ ಕುದುರೆಗಳಂತೂ ಡಿಸ್ನಿಗಿಂತ ಹಳೆಯವು, 1917ರಲ್ಲಿ ಫಿಲಡೆಲ್ಫಿಯಾದ ಕಂಪನಿಯೊಂದು ಕಟ್ಟಿದ್ದು. ಗಿರಗಿಟ್ಲೆಗೂ ಡಿಸ್ನಿಗೂ ಹಳೆಯ ನಂಟಿದೆ. ವಾಲ್ಟ್ ಡಿಸ್ನಿ ಶನಿವಾರಗಳಲ್ಲಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿಗೆ ಕರೆದೊಯ್ಯುತ್ತಿದ್ದ. ಮಕ್ಕಳು ಗಿರಗಿಟ್ಲೆ ಹತ್ತುತ್ತಿದ್ದರು, ಅಪ್ಪ ಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತಿದ್ದ. ಹೆತ್ತವರೂ ಮಕ್ಕಳೂ ಒಟ್ಟಿಗೆ ಆಡುವ ಜಾಗವೊಂದು ಬೇಕು ಎಂಬ ಯೋಚನೆ ಅಲ್ಲಿ ಹುಟ್ಟಿತೆಂದು ಅವನೇ ಹೇಳಿಕೊಂಡಿದ್ದಾನೆ. 1955ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ತೆರೆಯಿತು. ಫ್ಲಾರಿಡಾದ್ದು ತೆರೆಯುವ ಹೊತ್ತಿಗೆ ಅವನು ತೀರಿಕೊಂಡು ಐದು ವರ್ಷವಾಗುತ್ತ ಬಂದಿತ್ತು. ಅಳಿಯಂದಿರು ಪಟ್ಟಿ ತಿದ್ದುವಾಗ ಈ ಒಂದು ಮಾತು ನೆನಪಿಟ್ಟರೆ ಸಾಕು: ಆರು ಜನರೂ ಒಟ್ಟಿಗೆ ಕೂರುವ ಆಟ ಮೊದಲು, ಹಂಚಿಕೊಂಡು ಹೋಗುವ ಆಟ ಆಮೇಲೆ.

ದಿನದ ಹೊತ್ತನ್ನು ಹೀಗೆ ಮುರಿಯಲಿ. ಬಾಗಿಲು ತೆರೆಯುವ ಮೊದಲೇ ತಲುಪುವುದು, ಮೊದಲ ಎರಡು ಗಂಟೆಯಲ್ಲಿ ಪೀಟರ್ ಪ್ಯಾನ್, ಮೈನ್ ಟ್ರೇನ್‌ನಂಥ ಸರದಿ ಬೆಳೆಯುವ ಆಟಗಳು, ಹನ್ನೆರಡೂವರೆಗೆ ಹೊರಟು ಕೋಣೆ, ಊಟ, ನಿದ್ದೆ, ಐದರ ಮೇಲೆ ಬೇಕೆನಿಸಿದರೆ ಮತ್ತೆ. ಅಲ್ಲಿನ ಬೇಸಿಗೆ ಅಂದರೆ ಮಂಗಳೂರಿನ ಮೇ ತಿಂಗಳ ಸೆಕೆ. ಅದರ ಮೇಲೆ ಮಧ್ಯಾಹ್ನವಾದರೆ ಗುಡುಗು ಮಳೆ ಹೆಚ್ಚುಕಡಿಮೆ ದಿನವೂ. ಹತ್ತಿರದಲ್ಲಿ ಮಿಂಚು ಕಂಡರೆ ಬಯಲಿನ ಆಟಗಳನ್ನು ನಿಲ್ಲಿಸಿಬಿಡುತ್ತಾರೆ. ಅಷ್ಟು ಹೊತ್ತಿಗೆ ನೀವು ಕೋಣೆಯಲ್ಲಿ ಮಲಗಿದ್ದರೆ ಕಳಕೊಳ್ಳುವುದು ಏನೂ ಇಲ್ಲ. ಮಳೆ ಬಿಟ್ಟ ಮೇಲೆ ಸಂಜೆ ತಂಪು, ಜನವೂ ಕೊಂಚ ಕರಗಿರುತ್ತಾರೆ. ಪ್ಲಾಸ್ಟಿಕ್ಕಿನ ಮಳೆ ಅಂಗಿಗಳನ್ನು ನ್ಯೂಜೆರ್ಸಿಯಲ್ಲೇ ಕೊಳ್ಳಿ, ಪಾರ್ಕಿನೊಳಗೆ ದರ ಬೇರೆ.

ಇಲ್ಲೊಂದು ತೊಡಕಿದೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಕಾರು ನಿಲ್ಲಿಸಿದ ಕಡೆಯೇ ಬಾಗಿಲಿಲ್ಲ. ಅಲ್ಲಿಂದ ಮಾನೋರೈಲು ಇಲ್ಲವೇ ದೋಣಿ ಹತ್ತಿ ಸರೋವರ ದಾಟಬೇಕು. ಹೋಗಲು ಅರ್ಧ ಮುಕ್ಕಾಲು ಗಂಟೆ, ಬರಲು ಅಷ್ಟೇ. ಹೋಟೆಲು ದೂರವಿದ್ದರೆ ಮಧ್ಯಾಹ್ನದ ನಿದ್ದೆ ರಸ್ತೆಯಲ್ಲೇ ಕಳೆಯಿತು. ಮಾನೋರೈಲಿನ ದಾರಿಯಲ್ಲಿರುವ ಡಿಸ್ನಿಯದೇ ಹೋಟೆಲುಗಳಲ್ಲಿ ಉಳಿದರೆ ಸಲೀಸು, ಬೆಳಿಗ್ಗೆ ಉಳಿದವರಿಗಿಂತ ಅರ್ಧ ಗಂಟೆ ಮೊದಲೇ ಒಳಗೂ ಬಿಡುತ್ತಾರೆ. ಬೆಲೆ ಮಾತ್ರ ಕಣ್ಣು ಕುಕ್ಕುವಂಥದ್ದು. ಪಕ್ಕದ ಕಿಸಿಮ್ಮಿಯಲ್ಲಿ ಅಡುಗೆಮನೆ ಸಮೇತ ಇಡೀ ಮನೆ ಬಾಡಿಗೆಗೆ ಸಿಗುತ್ತದೆ, ಎಷ್ಟೋ ಮನೆಗಳಿಗೆ ಈಜುಕೊಳವೂ ಇರುತ್ತದೆ. ಆರು ಜನ, ಅನ್ನ ಸಾರು ಬೇಕೆನ್ನುವ ಯಜಮಾನರು. ನನ್ನ ಓಟು ಬಾಡಿಗೆ ಮನೆಗೆ. ಹಾಗೆ ಮಾಡಿದರೆ ಸಂಜೆ ಮತ್ತೆ ಪಾರ್ಕಿಗೆ ಹೋಗುವ ಆಸೆಯನ್ನು ಒಂದೇ ದಿನಕ್ಕೆ ಮೀಸಲಿಡಿ.

ಊಟದ ಚಿಂತೆ ನೀವು ತಿಳಿದಷ್ಟು ದೊಡ್ಡದಲ್ಲ. ನಮ್ಮ ಬಿಡದಿಯ ವಂಡರ್‌ಲಾದಲ್ಲಿ ಹೊರಗಿನ ತಿಂಡಿಗೆ ತಡೆಯಿದೆ, ಅಲ್ಲಿ ಇಲ್ಲ. ಗಾಜಿನ ಡಬ್ಬಿ, ಮದ್ಯ, ಬಿಸಿ ಮಾಡಲೇಬೇಕಾದ ಪದಾರ್ಥ, ಇವಿಷ್ಟು ಬೇಡ. ದಪಾಟಿ, ಶೇಂಗಾ ಹಿಂಡಿ, ಹಚ್ಚಿದ ಅವಲಕ್ಕಿ ಧಾರಾಳವಾಗಿ ಒಯ್ಯಬಹುದು. ಚೀಲ ತೆರೆದು ನೋಡಿಯಾರು, ನೋಡಲಿ. ತಿಂಡಿ ಮಾರುವ ಕೌಂಟರುಗಳಲ್ಲಿ ಕೇಳಿದರೆ ತಣ್ಣೀರು ಬಿಟ್ಟಿ ಕೊಡುತ್ತಾರೆ, ಬಾಟಲಿಗೆ ದುಡ್ಡು ಸುರಿಯಬೇಡಿ. ಒಂದು ಹೊತ್ತಾದರೂ ಹೊರಗೆ ಕೂತು ಉಣ್ಣುವ ಮನಸ್ಸಿದ್ದರೆ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಸನಾ ಹೋಟೆಲಿನಲ್ಲಿ ಮೊದಲೇ ಮೇಜು ಕಾಯ್ದಿರಿಸಿ. ನಮ್ಮ ಕಡೆಯ ನಾನ್, ಬಗೆಬಗೆಯ ಚಟ್ನಿ ಸಿಗುತ್ತವೆ, ಕಿಟಕಿಯಾಚೆ ಜಿರಾಫೆ, ಜೀಬ್ರಾ ಮೇಯುತ್ತಿರುತ್ತವೆ. ಅದಕ್ಕೆ ಪಾರ್ಕಿನ ಟಿಕೆಟ್ಟೂ ಬೇಕಿಲ್ಲ.

ಅನಿಮಲ್ ಕಿಂಗ್‌ಡಮ್‌ಗೆ ಬೆಳಿಗ್ಗೆಯೇ ಹೋಗಿ. ತೆರೆದ ಲಾರಿಯಲ್ಲಿ ಇಪ್ಪತ್ತು ನಿಮಿಷದ ಸಫಾರಿಗೆ ಎತ್ತರದ ಕಟ್ಟಳೆ ಇಲ್ಲ, ಹಸುಳೆಯನ್ನೂ ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ಏಷ್ಯಾದ ಭಾಗದಲ್ಲಿ ಆನಂದಪುರ ಎಂಬ ಕಾಲ್ಪನಿಕ ರಾಜ್ಯ ಕಟ್ಟಿದ್ದಾರೆ, ಪಾಳುಬಿದ್ದ ಅರಮನೆಯಲ್ಲಿ ಹುಲಿಗಳಿವೆ. ನಮ್ಮ ಸಾಗರದ ಬಳಿಯ ಆನಂದಪುರದವರು ಯಾರಾದರೂ ಇದನ್ನು ಓದುತ್ತಿದ್ದರೆ ಸಲಾಮು!

ನಿಮ್ಮ ಮಂಡಿಗೆ: ದಿನಕ್ಕೆ ಹಲವು ಕಿ.ಮೀ. ನಡಿಗೆ ಆಗಿಯೇ ಆಗುತ್ತದೆ. ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ, ಮೊದಲು ಬಂದವರಿಗೆ ಮೊದಲು. ಹಿಂಜರಿಯಬೇಡಿ, ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಮಗುವಿನ ತಳ್ಳುಗಾಡಿ 79 ಸೆಂ.ಮೀ. ಅಗಲ, 132 ಸೆಂ.ಮೀ. ಉದ್ದ ಮೀರಬಾರದು. ಪ್ರತಿ ಪಾರ್ಕಿನಲ್ಲೂ ಶಿಶು ಆರೈಕೆ ಕೇಂದ್ರವಿದೆ, ಬಟ್ಟೆ ಬದಲಿಸಲು, ಹಾಲೂಡಿಸಲು ತಂಪಾದ ಜಾಗ. ಇಬ್ಬರು ಮಕ್ಕಳ ಕೈಮೇಲೂ ಅಮ್ಮನ ಫೋನ್ ನಂಬರು ಬರೆದಿಡಿ.

ಲೈಟ್ನಿಂಗ್ ಲೇನ್ ಅಂತ, ದುಡ್ಡು ಕೊಟ್ಟು ಸರದಿ ಕಡಿಮೆ ಮಾಡಿಕೊಳ್ಳುವ ದಾರಿಯೂ ಇದೆ. ಡಿಸ್ನಿ ಹೋಟೆಲಿನಲ್ಲಿದ್ದರೆ ಏಳು ದಿನ ಮೊದಲು, ಹೊರಗಿದ್ದರೆ ಮೂರು ದಿನ ಮೊದಲು ಫೋನಿನಲ್ಲೇ ಕಾಯ್ದಿರಿಸಬಹುದು. ಮ್ಯಾಜಿಕ್ ಕಿಂಗ್‌ಡಮ್‌ನ ಒಂದು ದಿನಕ್ಕೆ ಕೊಳ್ಳಲಿ, ಎರಡೂ ದಿನಕ್ಕೆ ದಂಡ. ಒಂದೇ ದಿನ ಹಲವು ಪಾರ್ಕು ಸುತ್ತುವ ಪಾರ್ಕ್ ಹಾಪರ್ ಟಿಕೆಟ್ ಅಂತೂ ನಿಮಗೆ ಬೇಡವೇ ಬೇಡ.

ರಾತ್ರಿಯ ಬಾಣಬಿರುಸಿಗೆ ಪುಟ್ಟಿ ಹೆದರಿದರೆ ಕೋಟೆಯ ಎದುರು ನಿಲ್ಲಿಸಬೇಡಿ. ದೋಣಿ ಹಿಡಿದು ಕಾರಿನ ಕಡೆಯ ದಡಕ್ಕೆ ಬಂದುಬಿಟ್ಟರೆ ಅಲ್ಲಿಂದಲೂ ಕಾಣುತ್ತದೆ, ಸದ್ದು ಕಡಿಮೆ, ಮನೆಗೆ ಹೊರಡಲೂ ಹತ್ತಿರ.

ಅಳಿಯಂದಿರಿಗೆ ಈ ಪುಟವನ್ನು ವಾಟ್ಸಾಪಿನಲ್ಲಿ ಕಳಿಸಿ. ಟಿಕೆಟ್ ಕೊಳ್ಳುವ ಮೊದಲು ತಾರೀಖನ್ನು ಜುಲೈ 10ರ ಹಿಂದಕ್ಕೆ ಸರಿಸಲಿ, ಹೊರಡುವ ಮುನ್ನ ಹುಡುಗನನ್ನು ಇನ್ನೊಮ್ಮೆ ಗೋಡೆಗೆ ನಿಲ್ಲಿಸಿ ಅಳೆಯಲಿ. ಆರು ವರ್ಷದ ಮಕ್ಕಳು ಕೆಲವೇ ತಿಂಗಳಲ್ಲಿ ಎರಡು ಸೆಂಟಿಮೀಟರು ಬೆಳೆಯುವುದುಂಟು.