ಶ್ರದ್ಧೆಯಿಂದ ನಿಷ್ಠೆಗೆ: ಪಂಡಿತಾ ರಮಾಬಾಯಿಯವರ ಕ್ರೈಸ್ತ ಜೀವನ

೧. ಪೀಠಿಕೆ

ಷಟ್‌ಸ್ಥಲ ಸಿದ್ಧಾಂತದಲ್ಲಿ ಭಕ್ತಸ್ಥಲಕ್ಕೆ ಶ್ರದ್ಧಾಭಕ್ತಿಯನ್ನೂ ಅದರ ಮುಂದಿನ ಮಹೇಶಸ್ಥಲಕ್ಕೆ ನಿಷ್ಠಾಭಕ್ತಿಯನ್ನೂ ಹೇಳಲಾಗಿದೆ. ಒಪ್ಪಿ ನಂಬುವುದು ಶ್ರದ್ಧೆಯಾದರೆ, ನಂಬಿದುದನ್ನು ಪರೀಕ್ಷೆಯ ಕಾಲದಲ್ಲಿ ಬಿಡದಿರುವುದು ನಿಷ್ಠೆ. ವಚನಸಾಹಿತ್ಯದ ವಿದ್ಯಾರ್ಥಿಗೆ ಇದು ಪರಿಚಿತವಾದ ವಿವೇಚನೆ. ಒಂದು ಧರ್ಮದ ಪರಿಭಾಷೆಯನ್ನು ಇನ್ನೊಂದು ಧರ್ಮದ ಅನುಭವಕ್ಕೆ ಯಥಾವತ್ತಾಗಿ ಹೊಂದಿಸುವುದು ಸಾಧುವಲ್ಲ. ಆದರೂ ಕ್ರೈಸ್ತಧರ್ಮವನ್ನು ಸ್ವೀಕರಿಸಿದ ಭಾರತೀಯರ ಬದುಕನ್ನು ಕುರಿತು ಬರೆಯುವಾಗ ಈ ಎರಡು ಪದಗಳ ನಡುವಣ ವ್ಯತ್ಯಾಸವನ್ನು ನಾವು ಸಾಕಷ್ಟು ಗಮನಿಸಿಲ್ಲವೆಂದೇ ಹೇಳಬೇಕು. ದೀಕ್ಷಾಸ್ನಾನ ನಡೆದ ದಿನವನ್ನು ಚರಿತ್ರೆಕಾರರು ದಾಖಲಿಸುತ್ತಾರೆ. ಆ ದಿನದಿಂದಾಚೆಗೆ ತೆರಬೇಕಾಗಿ ಬಂದ ಬೆಲೆ ಅಡಿಟಿಪ್ಪಣಿಗೆ ಸರಿಯುತ್ತದೆ. ಮತಾಂತರವನ್ನು ವಸಾಹತುಶಾಹಿಯ ಪ್ರಭಾವವೆಂದೋ ಜಾತಿವ್ಯವಸ್ಥೆಯ ವಿರುದ್ಧದ ಪ್ರತಿಭಟನೆಯೆಂದೋ ವಿವರಿಸಿದಾಗಲೂ ವ್ಯಕ್ತಿಯ ನಿಷ್ಠೆಯ ಪ್ರಶ್ನೆ ಉಳಿದೇ ಇರುತ್ತದೆ.

ಈ ಪ್ರಶ್ನೆಯನ್ನು ಪಂಡಿತಾ ರಮಾಬಾಯಿಯವರ (೧೮೫೮–೧೯೨೨) ಜೀವನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ರಮಾಬಾಯಿಯವರ ಕಾರ್ಯಕ್ಷೇತ್ರ ಪುಣೆಯ ಪರಿಸರ. ಜನ್ಮಭೂಮಿ ನಮ್ಮ ಪಶ್ಚಿಮಘಟ್ಟ. ಕರ್ನಾಟಕದ ಎಷ್ಟೋ ತರುಣ ತರುಣಿಯರು ಇಂದು ಉದ್ಯೋಗಕ್ಕಾಗಿ ಪುಣೆಯ ಪಶ್ಚಿಮ ಅಂಚಿನ ಹಿಂಜವಾಡಿಗೆ ಹೋಗಿ ನೆಲೆಸುತ್ತಾರೆ. ಅದೇ ನಗರದ ಪೂರ್ವಕ್ಕೆ, ದೌಂಡ್ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಕೇಡಗಾಂವ್ ಇದೆ. ಕಾರ್ಕಳದ ಸೀಮೆಯಿಂದ ಹೊರಟ ಕುಟುಂಬವೊಂದರ ಮಗಳು ಅಲ್ಲಿ ಕಟ್ಟಿದ ‘ಮುಕ್ತಿ’ ಸಂಸ್ಥೆ ಇಂದಿಗೂ ನಡೆಯುತ್ತಿದೆ. ಮರಾಠಿಯಲ್ಲಿ ರಮಾಬಾಯಿಯವರ ಬಗ್ಗೆ ವಿಪುಲವಾದ ಅಧ್ಯಯನವಿದೆ. ಕನ್ನಡದ ವಿದ್ವಾಂಸರಿಗೂ ಅವರು ಪರಕೀಯರಲ್ಲ.

೨. ಮಾಳದಿಂದ ಪುಣೆಗೆ

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸಮೀಪದ ಮಾಳದ ಚಿತ್ಪಾವನ ಬ್ರಾಹ್ಮಣರು. ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದು ಅವರ ಅಪರಾಧವೆನಿಸಿತು. ಸ್ತ್ರೀಯರಿಗೆ ಸಂಸ್ಕೃತ ವಿದ್ಯೆ ನಿಷಿದ್ಧವಲ್ಲವೆಂದು ವಿದ್ವಾಂಸರೆದುರು ಶಾಸ್ತ್ರಾಧಾರದಿಂದ ವಾದಿಸಿದ ಅವರು ಮುಂದೆ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಮಾಡಿಕೊಂಡರು. ೧೮೫೮ರ ಏಪ್ರಿಲ್‌ನಲ್ಲಿ ರಮಾಬಾಯಿ ಹುಟ್ಟಿದ್ದು ಅಲ್ಲಿ. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಕುಟುಂಬ ತೀರ್ಥಯಾತ್ರೆಗೆ ಹೊರಟಿತು, ಪುರಾಣಪಠನವೇ ಜೀವನೋಪಾಯವಾಯಿತು. ತಾಯಿಯಿಂದ ಕಲಿತ ಸಂಸ್ಕೃತದ ಜೊತೆಗೆ ಮರಾಠಿ, ಕನ್ನಡ, ಹಿಂದೂಸ್ತಾನಿ, ಬಂಗಾಳಿ ಭಾಷೆಗಳು ರಮಾಬಾಯಿಯವರಿಗೆ ದಾರಿಯಲ್ಲೇ ದಕ್ಕಿದವು.

೧೮೭೦ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. ಅಣ್ಣ ಶ್ರೀನಿವಾಸನೊಡನೆ ೧೮೭೮ರಲ್ಲಿ ಕಲ್ಕತ್ತೆಗೆ ಬಂದ ತರುಣಿಗೆ ಅಲ್ಲಿಯ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. ೧೮೮೦ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರೊಡನೆ ವಿವಾಹ. ೧೮೮೨ರ ಫೆಬ್ರವರಿಯಲ್ಲಿ ಕಾಲರಾದಿಂದ ಪತಿಯ ಮರಣ. ಹಸುಳೆ ಮಗಳು ಮನೋರಮೆಯೊಡನೆ ಪುಣೆಗೆ ಬಂದ ಇಪ್ಪತ್ತಮೂರರ ವಿಧವೆಯನ್ನು ಅಲ್ಲಿಯ ಸುಧಾರಕರು ಆದರದಿಂದ ಬರಮಾಡಿಕೊಂಡರು. ಆ ವರ್ಷವೇ ಆರ್ಯ ಮಹಿಳಾ ಸಮಾಜ ಸ್ಥಾಪನೆಯಾಯಿತು. ‘ಸ್ತ್ರೀ ಧರ್ಮನೀತಿ’ ಪ್ರಕಟವಾಯಿತು. ಹಂಟರ್ ಆಯೋಗದೆದುರು ರಮಾಬಾಯಿಯವರು ಸಾಕ್ಷ್ಯ ನುಡಿದರು. ಮುಂದೆ ಅವರು ಕಳೆದುಕೊಂಡದ್ದೇನೆಂದು ತಿಳಿಯಬೇಕಾದರೆ ಈ ಗೌರವದ ಪ್ರಮಾಣವನ್ನು ನೆನಪಿನಲ್ಲಿಡಬೇಕು.

೩. ಬಿಟ್ಟ ಮನೆಯ ಕೋಪ

೧೮೮೩ರಲ್ಲಿ ವೈದ್ಯಕೀಯ ವ್ಯಾಸಂಗದ ಆಸೆಯಿಂದ ರಮಾಬಾಯಿಯವರು ಮಗಳೊಡನೆ ಇಂಗ್ಲೆಂಡಿಗೆ ಹೋಗಿ ವಾಂಟೇಜ್‌ನ ಆಂಗ್ಲಿಕನ್ ಸಂನ್ಯಾಸಿನಿಯರ ಮಠದಲ್ಲಿ ತಂಗಿದರು. ಕಿವುಡುತನ ಹೆಚ್ಚಿದ್ದರಿಂದ ವೈದ್ಯಕೀಯದ ಆಸೆ ಕೈಗೂಡಲಿಲ್ಲ. ಜೊತೆಗೆ ಬಂದಿದ್ದ ಆನಂದಿಬಾಯಿ ಭಗತ್ ಆತ್ಮಹತ್ಯೆ ಮಾಡಿಕೊಂಡರು. ಪರದೇಶದಲ್ಲಿ ಒಂಟಿಯಾಗಿ ಉಳಿದ ರಮಾಬಾಯಿಯವರು ೧೮೮೩ರ ಸೆಪ್ಟೆಂಬರ್ ೨೯ರಂದು ಮಗಳೊಡನೆ ದೀಕ್ಷಾಸ್ನಾನ ಪಡೆದರು.

ಸ್ವದೇಶದಲ್ಲಿ ಇದರ ಪ್ರತಿಕ್ರಿಯೆ ತೀವ್ರವಾಗಿತ್ತು. ‘ಸರಸ್ವತಿ’ ಎಂದು ಕರೆದವರಿಗೆ ಇದು ವಿಶ್ವಾಸದ್ರೋಹವಾಗಿ ಕಂಡಿತು. ಹೆಣ್ಣಿಗೆ ವಿದ್ಯೆ ಕೊಟ್ಟರೆ ಹೀಗಾಗುತ್ತದೆಂದು ಸನಾತನಿಗಳು ಹೇಳಲು ಅವಕಾಶವಾಯಿತೆಂಬ ಕೊರಗು ಸುಧಾರಕರದು. ರಮಾಬಾಯಿಯವರ ಪರವಾಗಿ ನಿಂತವರಲ್ಲಿ ಜೋತಿಬಾ ಫುಲೆಯವರು ಪ್ರಮುಖರು; ೧೮೮೫ರಲ್ಲಿ ‘ಸತ್ಸಾರ’ದಲ್ಲಿ ಅವರು ಈ ನಿರ್ಧಾರವನ್ನು ಸಮರ್ಥಿಸಿ ಬರೆದರು. ಸ್ತ್ರೀಯರನ್ನೂ ಶೂದ್ರರನ್ನೂ ಕುರಿತು ಶಾಸ್ತ್ರಗಳು ಹೇಳಿದ್ದನ್ನು ಮೂಲದಲ್ಲೇ ಓದಿಬಲ್ಲ ಹೆಣ್ಣು ಆ ಶಾಸ್ತ್ರಗಳನ್ನು ತೊರೆದದ್ದು ಫುಲೆಯವರಿಗೆ ಆಶ್ಚರ್ಯವಾಗಿ ಕಾಣಲಿಲ್ಲ.

೪. ಸೇರಿದ ಮನೆಯ ಅಂಕುಶ

ಬಿಟ್ಟುಬಂದ ಸಮಾಜ ಬೆಲೆ ಕೇಳುವುದು ನಿರೀಕ್ಷಿತವೇ. ಸೇರಿದ ಸಮಾಜವೂ ಬೆಲೆ ಕೇಳಿತೆಂಬುದು ರಮಾಬಾಯಿಯವರ ಚರಿತ್ರೆಯಲ್ಲಿ ವಿಶೇಷ ವಿವೇಚನೆಗೆ ಅರ್ಹವಾದ ಸಂಗತಿ. ಧರ್ಮಮಾತೆಯಾದ ಸಿಸ್ಟರ್ ಜೆರಾಲ್ಡಿನ್ ಅವರೊಡನೆ, ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್ ಅವರೊಡನೆ ನಡೆದ ಪತ್ರವ್ಯವಹಾರ ಇದಕ್ಕೆ ಆಧಾರ. ಗಂಡು ವಿದ್ಯಾರ್ಥಿಗಳಿಗೆ ಅವರು ಭಾರತೀಯ ಭಾಷೆ ಕಲಿಸುವ ಪ್ರಸ್ತಾಪ ಬಂದಾಗ, ಭಾರತದಲ್ಲಿ ಅವರ ಪ್ರಭಾವಕ್ಕೆ ಧಕ್ಕೆ ಬರುತ್ತದೆಂಬ ಕಾರಣದಿಂದ ಮುಂಬಯಿ, ಲಾಹೋರ್‌ಗಳ ಬಿಷಪ್ಪರು ಆಕ್ಷೇಪಿಸಿದರು. ತನ್ನ ನಡೆಯನ್ನು ನಿರ್ಧರಿಸುವ ಹಕ್ಕನ್ನು ಇತರರಿಗೆ ಬಿಟ್ಟುಕೊಡಲು ರಮಾಬಾಯಿಯವರು ಸಿದ್ಧರಿರಲಿಲ್ಲ. ತ್ರಿತ್ವ, ಕ್ರಿಸ್ತನ ದೈವತ್ವ ಮೊದಲಾದ ವಿಷಯಗಳಲ್ಲಿ ಆ ಕಾಲಕ್ಕೆ ತಮಗಿದ್ದ ಸಂದೇಹಗಳನ್ನು ಅವರು ಮುಚ್ಚಿಡಲಿಲ್ಲ. ಸಸ್ಯಾಹಾರವನ್ನು ಬಿಡಲಿಲ್ಲ. ಶಿಲುಬೆಯ ಮೇಲಿನ ಬರಹ ಲ್ಯಾಟಿನ್ನಿನಲ್ಲೇ ಏಕಿರಬೇಕು, ಸಂಸ್ಕೃತದಲ್ಲೇಕಿರಬಾರದು ಎಂದು ಕೇಳಿದರು. ಮಠದ ಹಿರಿಯರಿಗೆ ಇವೆಲ್ಲ ಅಹಂಕಾರದ ಲಕ್ಷಣಗಳಾಗಿ ತೋರಿದವು.

ಇಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಬೇಕು. ಆಶ್ರಯ, ಅನ್ನ, ವಿದ್ಯೆ ಎಲ್ಲಕ್ಕೂ ಯಾರನ್ನು ಅವಲಂಬಿಸಿದ್ದರೋ ಅವರೆದುರಿಗೇ ರಮಾಬಾಯಿಯವರು ವಾದ ಹೂಡಿದರು. ಹಿಂದಿರುಗಿ ಹೋಗಲು ಮನೆ ಇಲ್ಲದವರು ಹೊಸ ಮನೆಯ ಯಜಮಾನಿಕೆಯನ್ನು ಪ್ರಶ್ನಿಸುವುದು ಸಾಮಾನ್ಯ ಧೈರ್ಯವಲ್ಲ. ಅಷ್ಟಾದರೂ ಅವರು ಕ್ರಿಸ್ತನನ್ನು ಬಿಡಲಿಲ್ಲ. ಪುರೋಹಿತವರ್ಗದ ಅಧಿಕಾರವನ್ನು ಒಂದೆಡೆ ನಿರಾಕರಿಸಿ ಬಂದವರು ಅದನ್ನೇ ಇನ್ನೊಂದೆಡೆ ಒಪ್ಪಿಕೊಳ್ಳದಿದ್ದುದು ಅವರ ನಿಷ್ಠೆಯ ಒಂದು ಭಾಗವೇ ಹೊರತು ಅದರ ಕೊರತೆಯಲ್ಲ.

೫. ಶಾರದಾ ಸದನದ ವಿವಾದ

೧೮೮೬ರಲ್ಲಿ ಅಮೆರಿಕೆಗೆ ಹೋದ ರಮಾಬಾಯಿಯವರು ಮರುವರ್ಷ ಉಚ್ಚವರ್ಣದ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು. ಬಾಸ್ಟನ್ನಿನಲ್ಲಿ ಸ್ಥಾಪಿತವಾದ ಸಂಘವೊಂದು ವಿಧವೆಯರ ಶಾಲೆಗೆ ಹತ್ತು ವರ್ಷ ಧನಸಹಾಯ ನೀಡಲು ಒಪ್ಪಿತು. ಅಲ್ಲಿ ಮತಬೋಧೆ ಇರಕೂಡದೆಂಬ ನಿಬಂಧನೆಯಿತ್ತು. ೧೮೮೯ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಪ್ರಾರಂಭವಾದ ಶಾರದಾ ಸದನ ೧೮೯೦ರಲ್ಲಿ ಪುಣೆಗೆ ಬಂತು. ಮುಂದೆ ಧೋಂಡೊ ಕೇಶವ ಕರ್ವೆಯವರ ಪತ್ನಿಯಾದ ಗೋದೂಬಾಯಿ ಅಲ್ಲಿಯ ಮೊದಲ ವಿಧವೆ ವಿದ್ಯಾರ್ಥಿನಿ. ರಾನಡೆ, ಭಾಂಡಾರ್ಕರ್ ಅವರಂಥ ಹಿರಿಯರು ಸಲಹಾಮಂಡಳಿಯಲ್ಲಿದ್ದರು.

ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಬೈಬಲ್ ಓದಿ ಪ್ರಾರ್ಥಿಸುತ್ತಿದ್ದರು. ಕೋಣೆಯ ಬಾಗಿಲು ತೆರೆದಿರುತ್ತಿತ್ತು. ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳತೊಡಗಿದರು. ‘ಕೇಸರಿ’ಯಲ್ಲಿ ಕಟುಟೀಕೆಗಳು ಬಂದವು. ೧೮೯೩ರಲ್ಲಿ ಸಲಹಾಮಂಡಳಿಯ ಹಿರಿಯರು ಸಂಬಂಧ ಕಡಿದುಕೊಂಡರು. ಪೋಷಕರು ಹಲವು ಹುಡುಗಿಯರನ್ನು ಬಿಡಿಸಿ ಕರೆದೊಯ್ದರು. ಬಾಗಿಲು ಮುಚ್ಚಿದ್ದರೆ ಬಹುಶಃ ಸದನ ಉಳಿದಷ್ಟೇ ಗೌರವದಿಂದ ಅವರೂ ಉಳಿಯುತ್ತಿದ್ದರು. ಅವರು ಮುಚ್ಚಲಿಲ್ಲ.

ವಿರೋಧಿಗಳ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಧರ್ಮದ ವಿಷಯದಲ್ಲಿ ಶಾಲೆ ತಟಸ್ಥವಾಗಿರುತ್ತದೆಂಬ ಭರವಸೆಯ ಮೇಲೆ ಅವರು ಮಕ್ಕಳನ್ನು ಕಳುಹಿಸಿದ್ದರು. ಎಳೆಯ ವಿಧವೆಯರಿಗೆ ರಮಾಬಾಯಿಯವರು ತಾಯಿಯೂ ಗುರುವೂ ಆಗಿದ್ದಾಗ, ಅವರ ಮೌನವೂ ಬೋಧನೆಯಾಗಬಲ್ಲುದು. ರಮಾಬಾಯಿಯವರ ಉತ್ತರದ ಸಾರವಿಷ್ಟೆ: ಹಿಂದೂ ಬಾಲಿಕೆಯರಿಗೆ ತಮ್ಮ ಪೂಜೆ ಮಾಡಿಕೊಳ್ಳಲು ಅಲ್ಲಿ ಸ್ವಾತಂತ್ರ್ಯವಿರುವಾಗ ತನಗೆ ಪ್ರಾರ್ಥನೆಯ ಸ್ವಾತಂತ್ರ್ಯ ಏಕಿರಬಾರದು? ಬೋಧಿಸುವುದಿಲ್ಲವೆಂದು ಮಾತು ಕೊಟ್ಟವರು ಬಚ್ಚಿಡುತ್ತೇನೆಂದು ಮಾತು ಕೊಟ್ಟಿರಲಿಲ್ಲ. ಎರಡು ಪಕ್ಷಗಳೂ ತಮ್ಮ ತಮ್ಮ ದೃಷ್ಟಿಯಲ್ಲಿ ಪ್ರಾಮಾಣಿಕವಾಗಿದ್ದುದರಿಂದಲೇ ಈ ವಿವಾದ ದಾರುಣವಾಯಿತು. ಅದರ ಪರಿಣಾಮವನ್ನು ಅನುಭವಿಸಿದವರಲ್ಲಿ ಮನೆಗೆ ಹಿಂತಿರುಗಿ ಓದು ಕಳೆದುಕೊಂಡ ಹುಡುಗಿಯರೂ ಇದ್ದರೆಂಬುದನ್ನು ಮರೆಯಲಾಗದು.

೬. ಕೇಡಗಾಂವ್ ಮತ್ತು ಭಾಷೆಯ ತ್ಯಾಗ

೧೮೯೬–೯೭ರ ಕ್ಷಾಮದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋದ ರಮಾಬಾಯಿಯವರು ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ತಮ್ಮ ಹೆತ್ತವರನ್ನು ಬಲಿ ತೆಗೆದುಕೊಂಡ ಹಸಿವನ್ನು ಅವರು ಬಲ್ಲವರಾಗಿದ್ದರು. ಕೇಡಗಾಂವ್‌ನಲ್ಲಿ ಕೊಂಡಿದ್ದ ಜಮೀನಿನಲ್ಲಿ ‘ಮುಕ್ತಿ’ ಬೆಳೆಯಿತು. ೧೯೦೦ರ ಕ್ಷಾಮದ ಹೊತ್ತಿಗೆ ಅಲ್ಲಿಯ ನಿವಾಸಿಗಳ ಸಂಖ್ಯೆ ಸುಮಾರು ೨,೦೦೦ ಮುಟ್ಟಿತು. ನೇಯ್ಗೆ, ಬೇಸಾಯ, ಮುದ್ರಣ ಮೊದಲಾದ ಕಸುಬುಗಳನ್ನು ಹೆಂಗಸರೇ ನಡೆಸಿದರು. ಶಾರದಾ ಸದನದ ಕಾಲದ ನಿಬಂಧನೆ ಈಗಿರಲಿಲ್ಲ. ಮುಕ್ತಿ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆಯಾಗಿತ್ತು. ೧೯೦೭ರ ಸಾಕ್ಷ್ಯಕಥನದಲ್ಲಿ ರಮಾಬಾಯಿಯವರು ತಾವು ಮೊದಲು ಕಂಡದ್ದು ಕ್ರೈಸ್ತಧರ್ಮವನ್ನು, ಕ್ರಿಸ್ತನನ್ನು ಕಂಡದ್ದು ಆಮೇಲೆ ಎಂಬರ್ಥದ ಮಾತು ಬರೆದಿದ್ದಾರೆ. ಶ್ರದ್ಧೆ, ನಿಷ್ಠೆಗಳ ನಡುವೆ ನಾವು ಮೇಲೆ ಗುರುತಿಸಿದ ಅಂತರಕ್ಕೆ ಇದು ಅವರದೇ ಆಧಾರ.

ಸಾಹಿತ್ಯದ ವಿದ್ಯಾರ್ಥಿಗಳ ದೃಷ್ಟಿಯಿಂದ ಹೆಚ್ಚು ಮಹತ್ವದ್ದೆಂದರೆ ಅವರ ಮರಾಠಿ ಬೈಬಲ್. ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಬದುಕಿನ ಕೊನೆಯ ಒಂದೂವರೆ ದಶಕಕ್ಕೂ ಹೆಚ್ಚು ಕಾಲವನ್ನು ಅವರು ಈ ಅನುವಾದಕ್ಕೆ ಮೀಸಲಿಟ್ಟರು. ಓದು ಬಾರದ ಹಳ್ಳಿಯ ಹೆಂಗಸಿಗೂ ಅರ್ಥವಾಗಬೇಕೆಂಬುದು ಅವರ ಆಶಯ. ಅದಕ್ಕಾಗಿ ಸಂಸ್ಕೃತಭೂಯಿಷ್ಠವಾದ, ಹಿಂದೂ ತತ್ತ್ವಶಾಸ್ತ್ರದ ಛಾಯೆಯುಳ್ಳ ಶಬ್ದಗಳನ್ನು ದೂರವಿಟ್ಟರು. ಭಾಗವತದ ಸಾವಿರಾರು ಶ್ಲೋಕಗಳನ್ನು ಕಂಠಸ್ಥ ಮಾಡಿದ್ದ, ಸಂಸ್ಕೃತದಿಂದಲೇ ‘ಪಂಡಿತಾ’ ಎನಿಸಿದ ವಿದುಷಿ ತನ್ನ ಅತ್ಯುತ್ತಮ ಆಸ್ತಿಯನ್ನೇ ಬದಿಗಿಟ್ಟರು. ಮನೆ, ಮಾನ, ಮಿತ್ರರನ್ನು ಬಿಡುವುದಕ್ಕಿಂತ ತಾನು ಬಲ್ಲ ನುಡಿಯನ್ನು ಬಿಡುವುದು ವಿದ್ವಾಂಸರಿಗೆ ಕಷ್ಟವೆಂಬುದನ್ನು ನಾವು ಊಹಿಸಬಲ್ಲೆವು. ಅವರ ಅನುವಾದ ಸಂಪೂರ್ಣವಾಗಿ ಪ್ರಕಟವಾದದ್ದು ಮರಣಾನಂತರ, ೧೯೨೪ರಲ್ಲಿ. ಅದು ವ್ಯಾಪಕ ಬಳಕೆಗೆ ಬರಲಿಲ್ಲ.

ಮನೋರಮೆಯ ವಿಷಯವನ್ನೂ ಇಲ್ಲಿ ಹೇಳಬೇಕು. ತಾಯಿಯೊಡನೆ ದೀಕ್ಷೆ ಪಡೆದಾಗ ಆಕೆಗೆ ಎರಡೂವರೆ ವರ್ಷ, ಆಯ್ಕೆ ಆಕೆಯದಾಗಿರಲಿಲ್ಲ. ಆದರೂ ಬೆಳೆದ ಮೇಲೆ ಅದೇ ಕಾರ್ಯಕ್ಕೆ ಜೀವನ ಸವೆಸಿದರು. ೧೯೧೦ರ ದಶಕದಲ್ಲಿ, ಆಗ ನಿಜಾಮ್ ಆಳ್ವಿಕೆಯಲ್ಲಿದ್ದ ಕಲಬುರ್ಗಿಯಲ್ಲಿ ಶಾಲೆಯೊಂದನ್ನು ತೆರೆದು ನಡೆಸಿದ್ದು ಕನ್ನಡನಾಡಿಗೆ ಆಕೆ ಸಲ್ಲಿಸಿದ ಸೇವೆ. ೧೯೨೧ರಲ್ಲಿ ಮಗಳು ತೀರಿಕೊಂಡರು. ೧೯೨೨ರ ಏಪ್ರಿಲ್ ೫ರಂದು ತಾಯಿ.

೭. ಕನ್ನಡದ ಎರಡು ನಿದರ್ಶನಗಳು

ಬಿಟ್ಟ ಮನೆ, ಸೇರಿದ ಮನೆ ಎಂಬ ಈ ವಿಭಾಗಕ್ರಮ ಕನ್ನಡದ ಸಂದರ್ಭದಲ್ಲೂ ಉಪಯುಕ್ತವಾಗಬಲ್ಲುದು. ಮಂಗಳೂರಿನ ಸಾರಸ್ವತ ತರುಣ ಆನಂದರಾಯ ಕೌಂಡಿನ್ಯರು ಮೋಗ್ಲಿಂಗ್ ಅವರ ಶಿಷ್ಯರಾಗಿ ೧೮೪೪ರಲ್ಲಿ ಕ್ರೈಸ್ತರಾದಾಗ ಊರಿನಲ್ಲಿ ಕೋಲಾಹಲವೆದ್ದಿತು. ಪತ್ನಿ ಅವರೊಡನೆ ಬರಲಿಲ್ಲ. ಬಾಸೆಲ್‌ನಲ್ಲಿ ವ್ಯಾಸಂಗ ಮಾಡಿ ೧೮೫೧ರಲ್ಲಿ ಪಾದ್ರಿಯಾಗಿ ಮರಳಿದ ಅವರ ಬದುಕಿನಲ್ಲಿ ಬಿಟ್ಟ ಮನೆಯ ಬೆಲೆ ಎದ್ದು ಕಾಣುತ್ತದೆ. ಆ ಬೆಲೆಯ ಒಂದು ಪಾಲನ್ನು ಹೆಸರಿಲ್ಲದೆ ಉಳಿದ ಪತ್ನಿಯೂ ತೆತ್ತರು.

ಚನ್ನಪ್ಪ ಉತ್ತಂಗಿಯವರದು (೧೮೮೧–೧೯೬೨) ಎರಡನೆಯ ಬಗೆ. ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದುಕೊಂಡೇ ಅವರು ಸರ್ವಜ್ಞನ ವಚನಗಳನ್ನು ಊರೂರು ಅಲೆದು ಸಂಗ್ರಹಿಸಿ ೧೯೨೪ರಲ್ಲಿ ಪ್ರಕಟಿಸಿದರು. ಶರಣಸಾಹಿತ್ಯದ ಸಂಶೋಧನೆಗೆ ಆಯುಷ್ಯ ತೆತ್ತರು. ೧೯೪೯ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಪಾದ್ರಿಗೆ ವಚನಗಳ ಗೊಡವೆ ಏಕೆಂದು ಒಳಗಿನವರೂ, ವಚನಪ್ರಿಯನು ಪಾದ್ರಿಯಾಗಿಯೇ ಏಕೆ ಉಳಿದನೆಂದು ಹೊರಗಿನವರೂ ಕೇಳಬಹುದಾದ ಎಡೆಯಲ್ಲಿ ಅವರು ಬಾಳಿದರು. ಎರಡನ್ನೂ ಅವರು ಬಿಡಲಿಲ್ಲ. ಅವರ ಸಂಪಾದನಕಾರ್ಯವನ್ನು ನಾವು ಮೆಚ್ಚುತ್ತೇವೆ. ಅದರ ಹಿಂದಿದ್ದ ಕ್ರೈಸ್ತನಿಷ್ಠೆಯನ್ನು ಮಾತ್ರ ಆಕಸ್ಮಿಕವೆಂಬಂತೆ ಬದಿಗಿಡುತ್ತೇವೆ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುವುದಿಷ್ಟು. ರಮಾಬಾಯಿಯವರು ಧರ್ಮ ಬದಲಿಸಿದ್ದು ಒಮ್ಮೆ. ಅದಕ್ಕೆ ಬೆಲೆ ತೆತ್ತದ್ದು ನಾಲ್ಕು ದಶಕಗಳ ಕಾಲ. ಪುಣೆಯ ಸುಧಾರಕರು ಬಯಸಿದ ಮೌನವನ್ನಾಗಲಿ, ವಾಂಟೇಜ್‌ನ ಹಿರಿಯರು ಬಯಸಿದ ವಿಧೇಯತೆಯನ್ನಾಗಲಿ ಕೊಟ್ಟಿದ್ದರೆ ಅವರ ಬದುಕು ಸುಗಮವಾಗುತ್ತಿತ್ತು. ಎರಡನ್ನೂ ಕೊಡದೆ, ನಂಬಿದುದನ್ನೂ ಬಿಡದೆ ಉಳಿದದ್ದರಿಂದ ಅವರ ನಿಷ್ಠೆ ಯಾವ ಸಂಸ್ಥೆಯ ಆಸ್ತಿಯೂ ಆಗದೆ ಅವರದೇ ಆಗಿ ಉಳಿಯಿತು. ಇದನ್ನು ಒಪ್ಪಲು ಓದುಗರು ಕ್ರೈಸ್ತರಾಗಿರಬೇಕಿಲ್ಲ. ವಚನಕಾರರ ನಿಷ್ಠೆಯನ್ನು ಅರಿಯಬಲ್ಲ ನಮ್ಮ ವಿದ್ಯಾರ್ಥಿಗಳು ಕೌಂಡಿನ್ಯ, ಉತ್ತಂಗಿಯವರ ಪತ್ರಗಳನ್ನೂ ಬರಹಗಳನ್ನೂ ಅದೇ ಗೌರವದಿಂದ, ಅದೇ ವಿಮರ್ಶಕ ಎಚ್ಚರದಿಂದ ಓದಲು ತೊಡಗಿದರೆ, ಆಧುನಿಕ ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಇನ್ನೂ ಬರೆಯದೆ ಉಳಿದಿರುವ ಅಧ್ಯಾಯವೊಂದು ತೆರೆದುಕೊಳ್ಳಬಹುದು.